ಗಿದ್ಯೋನನ ಪಾಳಿ

“ಈಗ ಯಾರ ಪಾಳಿರೀ?” ಎಂದು ಫಿಲೆಮೋನಪ್ಪನವರು ಗಟ್ಟಿಯಾಗಿ ಕೇಳಿಬಿಟ್ಟರು. ಯಾರನ್ನೂ ಕೇಳಿದ್ದಲ್ಲ, ಅವರ ಮುಖ ಮೇಲೆ ಜಂತೆಗಳ ಕಡೆಗಿತ್ತು. ದೇವಾಲಯದಲ್ಲಿ ಆಗ ಮೌನ ನಡೆಯುತ್ತಿತ್ತು. ಊರು ಬಿಟ್ಟುಹೋದ ಒಬ್ಬರ ಮೌನ ಮುಗಿದು ಇನ್ನೊಬ್ಬರದು, ಅದು ಮುಗಿದು ಮತ್ತೊಬ್ಬರದು, ಹೀಗೆ ಸಾಲಾಗಿ ಬಂದು, ಮನಸ್ಸಿನಲ್ಲೇ ಅಳೆಯುತ್ತ ಕೂತವರಿಗೂ ಅಳತೆ ತಪ್ಪಿತ್ತು. ಮುಂದಿನ ನುಡಿ ಹೇಳಬೇಕಾದ ಮುದುಕಿ ತನ್ನ ಪಾಳಿ ಇನ್ನೂ ದೂರವಿದೆ ಎಂದುಕೊಂಡು ಸೆರಗಿನ ಗಂಟು ಬಿಚ್ಚಿ ಲವಂಗ ಹುಡುಕುತ್ತಿದ್ದಳು. ಸಭೆಯ ಹಿರಿಯರ ದನಿ ಕೇಳಿ ಗಾಬರಿಯಾಗಿ “ನಂದ ಏನು?” ಎಂದಳು. ಎಲ್ಲರೂ ನಕ್ಕರು. ನಕ್ಕಿದ್ದಕ್ಕೆ ಆಮೇಲೆ ಎಲ್ಲರಿಗೂ ನಾಚಿಕೆಯಾಯಿತು.

ನಮ್ಮ ಊರಿನ ಸ್ತೋತ್ರಕ್ಕೆ ಹೆಸರಿಲ್ಲ, ದೊಡ್ಡ ಸ್ತೋತ್ರ ಎನ್ನುತ್ತೇವೆ. ಸಭೆಯ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ನುಡಿ. ದೀಕ್ಷಾಸ್ನಾನದ ದಿನ ಕಿವಿಯಲ್ಲಿ ಹೇಳಿಸಿಕೊಂಡ ನುಡಿ ಆ ಮಗುವಿನದು. ಅಲ್ಲಿಂದ ಮುಂದೆ ಅದು ಬೇರೆ ಯಾರ ಗಂಟಲಿನಿಂದಲೂ ಹೊರಡುವುದಿಲ್ಲ. ಬರೆಯಬಹುದು, ಓದಿಕೊಳ್ಳಬಹುದು, ಮನಸ್ಸಿನಲ್ಲಿ ಹಾಡಿಕೊಳ್ಳಬಹುದು, ಬಾಯಿ ತೆರೆದರೆ ಮಾತ್ರ ಬರೀ ಉಸಿರು. ಅದರ ಒಡೆಯ ಸತ್ತಾಗ ನುಡಿ ಸಡಿಲವಾಗುತ್ತದೆ. ಇನ್ನೊಂದು ಕೂಸಿಗೆ ಕೊಡುವವರೆಗೆ ಯಾರು ಬೇಕಾದರೂ ಹೇಳಬಹುದು. ಹೊಸ ನುಡಿ ಕಟ್ಟಿದರಾಯಿತಲ್ಲ ಎಂದು ನಮ್ಮ ಮಿಶನ್ ಶಾಲೆಯ ಮಾಸ್ತರರೊಬ್ಬರು ಒಮ್ಮೆ ಪ್ರಾಸವಿಟ್ಟು ಬರೆದು ತಂದಿದ್ದರು. ಅದು ಎಲ್ಲರ ಬಾಯಲ್ಲೂ ಬಂತು. ಸಂತೆಯಲ್ಲಿ ಬದನೆಕಾಯಿ ಮಾರುವವನೂ ಹಾಡಿದ. ಅದು ನುಡಿಯಲ್ಲವೆಂದು ಮಾಸ್ತರರೇ ಒಪ್ಪಿಕೊಂಡು ಹಾಳೆ ಮಡಚಿ ಇಟ್ಟರು.

ನಾನು, ತಬಿತಾ, ಮಾತು ಕಡಿಮೆಯವಳು. ಅಜ್ಜನ ಪಕ್ಕ ಕೂತು ಸಂಜೆಯ ಪಠಣ ಕೇಳಿ ಬೆಳೆದೆ. ಇದ್ದ ಒಂದೇ ನುಡಿಯನ್ನು ಅಜ್ಜ ದಿನಕ್ಕೊಂದು ಧಾಟಿಯಲ್ಲಿ ಹೇಳುತ್ತಿದ್ದ, ಒಂದು ದಿನ ತೊಟ್ಟಿಲು ತೂಗಿದಂತೆ, ಇನ್ನೊಂದು ದಿನ ಭಾರ ಹೊತ್ತು ದಿಬ್ಬ ಹತ್ತಿದಂತೆ. “ಹೇಳೂದು ಬಾಯಿಗೆ ಕೆಲಸ. ಕೇಳೂದು ಪ್ರಾರ್ಥನಿ, ತಂಗಿ” ಎನ್ನುತ್ತಿದ್ದ. ದೇವಾಲಯದಲ್ಲಿ ನಾವು ಮನೆಮನೆಯವರು ಒಟ್ಟಿಗೆ ಕೂರುವುದಿಲ್ಲ. ಸ್ತೋತ್ರದ ಕ್ರಮದಲ್ಲಿ ಕೂರುತ್ತೇವೆ. ಗಂಡ ಮುಂದಿನ ಬೆಂಚಿನಲ್ಲಿದ್ದರೆ ಹೆಂಡತಿ ಬಾಗಿಲ ಹತ್ತಿರ. ಮಾತು ಬಿಟ್ಟ ವಾರಗಿತ್ತಿಯರು ಸಾಯುವ ತನಕ ಅಕ್ಕಪಕ್ಕ. ನನ್ನ ಎಡಕ್ಕೆ ಕೂರುತ್ತಿದ್ದವನು ಗಿದ್ಯೋನ.

ಅವನ ನುಡಿ ಹೀಗಿದೆ. ‘ಬಾವಿಗೆ ಬಿದ್ದ ಬೆಳಕೇ, ನನ್ನ ಹಗ್ಗ ಮೋಟು, ನೀನೇ ಏರಿ ಬಾ, ನನ್ನ ಕೊಡದ ದಾರಿ ನಿನಗೆ ಗೊತ್ತು.’ ಅದರ ಹಿಂದೆಯೇ ನನ್ನದು. ‘ಬಂದವನು ನೀನೋ ನೆರಳೋ ಎಂದು ಕೇಳೆನು, ಬಾಗಿಲು ತೆರೆದಿದೆ, ದೀಪ ಒಳಗಿದೆ.’ ಚಿಕ್ಕಂದಿನಿಂದ ಅವನು ‘ಗೊತ್ತು’ ಎಂದಲ್ಲಿ ನಾನು ಉಸಿರು ಎಳೆದುಕೊಂಡು ಶುರುಮಾಡಿದವಳು. ನನ್ನ ನುಡಿಗಿಂತ ಅವನದೇ ನನಗೆ ಹೆಚ್ಚು ಇಷ್ಟ. ರೊಟ್ಟಿ ಬಡಿಯುವಾಗ, ಹೊಲಿಗೆ ಹಾಕುವಾಗ ಮನಸ್ಸಿನಲ್ಲಿ ಓಡುವುದು ಅದೇ. ಒಮ್ಮೆಯಾದರೂ ಅದನ್ನು ನನ್ನ ನಾಲಗೆಯ ಮೇಲೆ ಇಟ್ಟುಕೊಳ್ಳಬೇಕೆಂಬ ಆಸೆ ನನಗೆ ಹರೆಯದಲ್ಲೇ ಹುಟ್ಟಿತ್ತು. ದೇವಾಲಯದ ಹೊರಗೆ ನಾವಿಬ್ಬರೂ ಮಾತಾಡಿದ್ದು ಬಹಳ ಕಡಿಮೆ. ಒಂದು ದಿನ ಹಿಟ್ಟಿನ ಗಿರಣಿಯ ಮುಂದೆ ನಿಂತಾಗ ಅವನು, “ನನ್ನ ಹಿಂದ ನೀ ಹೇಳ್ತಿ ಅಂತ ಗೊತ್ತಿರ್ತದಲ್ಲ, ಅದಕ್ಕ ನಾ ಧೈರ್ಯದಿಂದ ಹೇಳ್ತೀನಿ” ಎಂದಿದ್ದ. ಮೈಮೇಲೆಲ್ಲ ಹಿಟ್ಟು ಹಾರಿ ಕೂತಿತ್ತು. ನಾನು ಹೂಂ ಎಂದೆ. ಅಷ್ಟೇ ನಮ್ಮ ಮಾತು.

ಊರು ಬಿಟ್ಟವರ ಪಾಳಿ ಬಂದಾಗ ಅವರ ನುಡಿಯ ಉದ್ದಕ್ಕೂ ಸಭೆ ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಅವರ ಮನೆಯವರೊಬ್ಬರು ಎದ್ದು ನಿಂತು ಆ ನುಡಿಗಾಗಿ ಬಾಯಿ ತೆರೆಯಬೇಕು. ದನಿ ಬರದಿದ್ದರೆ ಹೋದವರು ಎಲ್ಲೋ ಜೀವಂತವಾಗಿದ್ದಾರೆ ಎಂದು ಅರ್ಥ. ಎದ್ದವರು ಎದೆಯ ಮೇಲೆ ಕೈಯಿಟ್ಟು ಕೂರುತ್ತಾರೆ. ಈಗ ಎಲ್ಲರ ಬಳಿಯೂ ಫೋನಿದೆ, ಆದರೂ ತಾಯಂದಿರು ಈ ಪದ್ಧತಿ ಬಿಟ್ಟಿಲ್ಲ. “ಫೋನಿನಾಗ ಮಗ ಆರಾಮ ಅದೀನಿ ಅಂತಾನ, ಅದು ಖರೇನೋ ಸುಳ್ಳೋ. ನನ್ನ ಗಂಟಲ ಸುಳ್ಳ ಹೇಳಂಗಿಲ್ಲ” ಎನ್ನುತ್ತಾರೆ. ಗಿದ್ಯೋನನ ತಂದೆ ಲಾರಿಯ ಮೇಲೆ ದೂರ ಹೋಗಿದ್ದ ಕಾಲದಲ್ಲಿ ಅವನ ತಾಯಿ ಹನ್ನಮ್ಮ ಎಂದಿನಂತೆ ಎದ್ದು ಬಾಯಿ ತೆರೆದಳು. ಗಂಡನ ನುಡಿ ನೀರಿನ ಹಾಗೆ ಹೊರಬಂತು. ನಿಲ್ಲಿಸಲಾಗದೆ ಕೊನೆಯ ಮಾತಿನ ತನಕ ಹೇಳಿ ಆಮೇಲೆ ಕುಸಿದಳು. ನನ್ನ ಪಕ್ಕದಲ್ಲಿ ಗಿದ್ಯೋನನ ಕೈ ಬೆಂಚಿನ ಅಂಚನ್ನು ಹಿಡಿದು ಬೆಳ್ಳಗಾಗಿದ್ದನ್ನು ನಾನು ನೋಡಿದೆ. ಅದಾದ ಮೇಲೆ ಅವನು ಊರಲ್ಲಿ ಹೆಚ್ಚು ದಿನ ಇರಲಿಲ್ಲ. ಯಾವುದೋ ಬಂದರಿಗೆ ಹೋದನೆಂದು ಸುದ್ದಿ. ಕಾಗದವಿಲ್ಲ, ಫೋನಿಲ್ಲ.

ಹನ್ನಮ್ಮ ಬದುಕಿರುವ ತನಕ ಮಗನಿಗಾಗಿ ತಾನೇ ಬಾಯಿ ತೆರೆದಳು. ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿಕೊಂಡು, “ನಿನ್ನ ಪಕ್ಕದಾಂವ ಅಲ್ಲೇನವಾ, ಇನ್ನ ನೀ ನೋಡಿಕೋ” ಎಂದಳು. ಅಂದಿನಿಂದ ಭಾನುವಾರವೆಂದರೆ ನನಗೆ ಅದೊಂದೇ ಗಳಿಗೆ. ಅವನ ಪಾಳಿಗೆ ಎದ್ದು ನಿಲ್ಲುತ್ತೇನೆ. ನಾನು ಇಷ್ಟಪಟ್ಟ ಮಾತುಗಳಿಗೆ ತುಟಿಯ ಆಕಾರ ಕೊಡುತ್ತೇನೆ. ಏನೂ ಬರುವುದಿಲ್ಲ. ಆ ಏನೂ ಇಲ್ಲದ್ದರಲ್ಲಿ ಅವನು ಎಲ್ಲೋ ಚಹಾ ಕುಡಿಯುತ್ತಿದ್ದಾನೆ, ಅಂಗಿಯ ತೋಳು ಮಡಚುತ್ತಿದ್ದಾನೆ. ದೇವರಿಗೆ ಸ್ತೋತ್ರ ಎಂದುಕೊಂಡು ನನ್ನ ನುಡಿ ಶುರುಮಾಡುತ್ತೇನೆ. ಮದುವೆಯ ಮಾತು ತಂದವರಿಗೆ ನಾನು ಯಾವ ಕಾರಣವನ್ನೂ ಹೇಳಲಿಲ್ಲ. ಹೇಳುವಂಥದ್ದು ಇರಲೂ ಇಲ್ಲ.

ಫಿಲೆಮೋನಪ್ಪನವರು ಜಂತೆಗಳನ್ನು ಕೇಳಿದ ಆ ದಿನವೇ ಸಭೆಯ ಹಿರಿಯರು ಕೂಡಿದರು. ಮೌನಗಳು ಮಾತಿಗಿಂತ ಹೆಚ್ಚಾಗಿವೆ, ಯಾರ ಪಾಳಿ ಯಾವಾಗ ಎಂದು ಯಾರಿಗೂ ತಿಳಿಯುತ್ತಿಲ್ಲ, ಏನಾದರೂ ವ್ಯವಸ್ಥೆ ಬೇಕು ಎಂದಾಯಿತು. ಸಭಾಪಾಲಕರಾದ ಕೃಪಾನಂದ ಅಯ್ಯನವರು ನನ್ನ ಕಡೆ ನೋಡಿದರು. ನಾನು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಸಭೆಗಳ ಕೆಲಸಕ್ಕೆಂದೇ ಲೋಕದ ಯಾರ್‍ಯಾರೋ ಸೇರಿ ಕಟ್ಟಿದ ಒಂದು ಸಾಫ್ಟ್‌ವೇರ್ ಇದೆ, ಓಪನ್ ಸೋರ್ಸ್, ಅಂದರೆ ಅದರ ಕೋಡ್ ಬಯಲಲ್ಲೇ ಇರುತ್ತದೆ, ಯಾರು ಬೇಕಾದರೂ ತೆಗೆದುಕೊಂಡು ತಮಗೆ ಬೇಕಾದಂತೆ ತಿದ್ದಬಹುದು, ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಕೊಡಬಹುದು ಎಂದೆ. “ಪುಕ್ಕಟ ಕೊಡ್ತಾರಂದ್ರ ಏನೋ ಕೊಕ್ಕಿ ಇರಬೇಕು” ಎಂದರು ಫಿಲೆಮೋನಪ್ಪನವರು. ಅಯ್ಯನವರು, “ಸುವಾರ್ತೆನೂ ಪುಕ್ಕಟನ ಕೊಟ್ಟಾರಲ್ಲರೀ” ಎಂದು ಬಾಯಿ ಮುಚ್ಚಿಸಿದರು.

ಅದರಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿ, ಕಾಣಿಕೆ, ಗಾಯನ ತಂಡ ಎಲ್ಲಕ್ಕೂ ಜಾಗವಿತ್ತು. ನುಡಿಗೆ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ದೇವಾಲಯದ ಪಕ್ಕದ ಕೋಣೆಯಲ್ಲಿ ಕೂತು ನಾನು ಆ ಜಾಗ ಕಟ್ಟಿದೆ. ಪ್ರತಿಯೊಬ್ಬರ ನುಡಿ, ಅದರ ಉದ್ದ, ಊರಲ್ಲಿಲ್ಲದವರ ಮೌನದ ಉದ್ದ. ಕುಳಿತವರ ಮುಂದೆ ಒಂದೊಂದು ಸಣ್ಣ ದೀಪ, ಪಾಳಿ ಬಂದವರ ದೀಪ ಹತ್ತುತ್ತದೆ. ಸಾಲುಸಾಲಾಗಿ ಕೋಡ್ ಬರೆಯುವಾಗ ನನಗೆ ಅಜ್ಜನ ಪಠಣವೇ ಕೇಳುತ್ತಿತ್ತು. ಒಂದು ಸಾಲು ಮುಗಿಯದೆ ಇನ್ನೊಂದು ಏಳಬಾರದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಬೇಕು.

ಮೊದಲ ಭಾನುವಾರ ದೀಪಗಳು ಚೆನ್ನಾಗಿಯೇ ಓಡಿದವು. ನನ್ನ ದೀಪ ಹತ್ತಿತು, ಎದ್ದೆ, ನುಡಿ ಹೇಳಿದೆ. ‘ಬಾಗಿಲು’ ಎಂಬ ಮಾತು ಬಾಯಿಂದ ಹೊರಟಾಗ ತಿಳಿಯಿತು, ನನಗಿಂತ ಮೊದಲು ಗಿದ್ಯೋನನ ಮೌನ ಬಂದೇ ಇರಲಿಲ್ಲ. ಆ ಸಾಫ್ಟ್‌ವೇರ್ ಕಟ್ಟಿದವರ ಊರುಗಳಲ್ಲಿ ಬಹುಕಾಲ ಸಭೆಗೆ ಬಾರದವರನ್ನು ಅದು ತಾನಾಗಿಯೇ ಪಕ್ಕಕ್ಕೆ ಸರಿಸುತ್ತದೆ. ನಮ್ಮಲ್ಲೂ ಸರಿಸಿತ್ತು. ಹೋದವರೆಲ್ಲರ ಮೌನ ಒಂದೇ ಬಾರಿಗೆ ಹೋಗಿತ್ತು. ತಾಯಂದಿರು ತಬ್ಬಿಬ್ಬಾಗಿ ಅತ್ತಿತ್ತ ನೋಡುತ್ತಿದ್ದರು. ಹೊರಗೆ ಬಂದ ಫಿಲೆಮೋನಪ್ಪನವರಿಗೆ ಮಾತ್ರ ಖುಷಿ. “ಛಲೋ ಆತು ಬಿಡ್ರಿ ಟೀಚರ. ಸಾರು ಆರೂದರಾಗ ಮನಿ ಮುಟ್ಟತೀವಿ. ಹಿಂಗ ಇರಲಿ.” ನಾನು ಬದುಕಿನಲ್ಲಿ ಹಿರಿಯರಿಗೆ ಎದುರು ಹೇಳಿದ್ದು ಅಂದೇ ಮೊದಲು. “ಇರಂಗಿಲ್ಲರಿ” ಎಂದೆ. ಆ ವಾರ ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಅವನು ಇದ್ದಾನೋ ಇಲ್ಲವೋ ತಿಳಿಯದ ವಾರ ಅದು. ಮನೆಯಲ್ಲಿ ಒಬ್ಬಳೇ ಬಾಯಿ ತೆರೆದು ನೋಡಬಹುದಿತ್ತು, ಸಭೆಯ ಮೌನವಿಲ್ಲದೆ ನನಗೆ ಧೈರ್ಯ ಬರಲಿಲ್ಲ.

ಸರಿಸುವ ಆ ಭಾಗವನ್ನು ಕಿತ್ತು, ಬಾರದವರಿಗೆ ‘ಮೌನ’ ಎಂಬ ಕಾಲಮ್ಮು ಸೇರಿಸಿ, ಮೂಲದವರಿಗೂ ಕಳಿಸಿದೆ. ಅವರು ಯಾವುದೋ ಹಿಮದ ದೇಶದವರು. ‘ಬಾರದವರನ್ನು ಯಾಕೆ ಇಟ್ಟುಕೊಳ್ಳಬೇಕು?’ ಎಂದು ಕೇಳಿದರು. ‘ಬಂದಿಲ್ಲ ಎಂದು ತಿಳಿಯುವುದಕ್ಕೆ’ ಎಂದು ಬರೆದೆ. ಅವರಿಗೆ ಏನು ಅರ್ಥವಾಯಿತೋ, ಸೇರಿಸಿಕೊಂಡರು. ಮುಂದಿನ ಅಪ್‌ಡೇಟಿನಲ್ಲಿ ನನ್ನ ಕಾಲಮ್ಮು ಲೋಕದ ಸಭೆಗಳಿಗೆಲ್ಲ ಹೋಯಿತು. ಎಷ್ಟೋ ಕಡೆ ಖಾಲಿಯೇ ಉಳಿಯಿತು. ಒಂದು ಸಭೆಯವರು ಪ್ರಸಂಗದ ಹೊತ್ತಿನಲ್ಲಿ ತೂಕಡಿಸುವವರನ್ನು ಅದರಲ್ಲಿ ಗುರುತು ಹಾಕುತ್ತಾರೆಂದು ಕೇಳಿ ನಕ್ಕೆ.

ಊರಿನ ನಿಜವಾದ ಕಷ್ಟ ಬೇರೆ ಇತ್ತು. ನುಡಿಯಿಲ್ಲದೆ ದೀಕ್ಷಾಸ್ನಾನವಿಲ್ಲ. ನುಡಿಗಳೆಲ್ಲ ದೂರ ಹೋದವರ ಹತ್ತಿರ. ಕೂಸುಗಳು ಕಾಯುತ್ತಿದ್ದವು, ಕೆಲವು ನಡೆಯಲು ಕಲಿತಿದ್ದವು. ಸಾಯುವ ಮೊದಲು ಅಜ್ಜಿಯರು ಮೊಮ್ಮಕ್ಕಳ ಕಿವಿಯಲ್ಲಿ ತಮ್ಮ ನುಡಿ ಹೇಳಿ ಬಿಟ್ಟುಕೊಡುವುದು ಹಿಂದಿನಿಂದ ಇತ್ತು. ಬಿಟ್ಟುಕೊಟ್ಟ ಮೇಲೆ ಅದು ಅವರ ಬಾಯಲ್ಲಿ ಬಾರದು. ಅದನ್ನು ದೂರದಿಂದಲೂ ಮಾಡಬಹುದೇನೋ ಎಂದು ಅಯ್ಯನವರಿಗೆ ಹೊಳೆಯಿತು. ಪರೀಕ್ಷೆಗೆ ಒಬ್ಬ ಅಣ್ಣ ಪರದೇಶದಿಂದ ಫೋನಿನಲ್ಲಿ ತಂಗಿಯ ಮಗುವಿಗೆ ಹೇಳಿದ. ನುಡಿ ದಾಟಿತು. ಆಮೇಲೆ ನಾನು ಒಂದು ಪುಟ ಕಟ್ಟಿದೆ. ಈ ಕಡೆ ಕಾಯುವ ಕೂಸುಗಳು, ಆ ಕಡೆ ಊರು ಬಿಟ್ಟವರು. ಬಿಟ್ಟುಕೊಡಲು ಒಪ್ಪಿದವರು ಗುರುತು ಹಾಕಿದರೆ, ಅವರಿಗಾಗಿ ಭಾನುವಾರ ಬಾಯಿ ತೆರೆಯುತ್ತಿದ್ದವರು ಕೂಸನ್ನು ಎತ್ತಿಕೊಂಡು ಅದರ ಕಿವಿಗೆ ಫೋನು ಹಿಡಿಯಬೇಕು. ಸಭೆ ಹಿಗ್ಗಿತು. ಒಂದರ ಹಿಂದೆ ಒಂದು ದೀಕ್ಷಾಸ್ನಾನ, ಅಂಗಳದಲ್ಲಿ ಶಾವಿಗೆ ಪಾಯಸ.

ಆದರೆ ಬಿಟ್ಟುಕೊಟ್ಟವನ ತಾಯಿಗೆ ಮರುವಾರ ಏಳುವ ಕೆಲಸವಿಲ್ಲ. ಅವಳ ಮಗ ಇದ್ದಾನೆಂದು ಹೇಳಲು ಇನ್ನು ಅವಳ ಗಂಟಲಿಗೆ ಬಾರದು. ಒಬ್ಬಾಕೆ ಬಾವಿಯ ಹತ್ತಿರ ನನ್ನನ್ನು ನಿಲ್ಲಿಸಿ, “ಕಂಪ್ಯೂಟರ ತಂದು ನನ್ನ ಬಾಯಿ ಬಂಜಿ ಮಾಡಿದೆಲ್ಲವಾ ನೀ” ಎಂದಳು. ಸಿಟ್ಟಿನಿಂದ ಅಂದಿದ್ದಲ್ಲ. ನಾನು ಅವಳ ಕೊಡ ಎತ್ತಿ ಸೊಂಟಕ್ಕೆ ಇಟ್ಟೆ.

ಕೊನೆಗೆ ಉಳಿದವಳು ಸಲೋಮಿಯ ಮಗಳು ಒಬ್ಬಳೇ. ಸಲೋಮಿ ನನ್ನ ಹಳೆಯ ವಿದ್ಯಾರ್ಥಿನಿ, ಗಂಡ ತೀರಿಕೊಂಡಿದ್ದ; ಅವನದೂ ಅವಳದೂ ನುಡಿಗಳು ಮೊದಲಿನ ಮಕ್ಕಳಿಗೆ ಹೋಗಿದ್ದವು. ಕೂಸಿನ ಎದೆ ಗೂರಲಿನಿಂದ ಏಳುತ್ತ ಬೀಳುತ್ತ ಇತ್ತು. “ನುಡಿ ಇಲ್ಲದ ಹೋದರ ಅಲ್ಲಿ ಅದನ್ನ ಏನಂತ ಕರೀತಾರ ಅಕ್ಕಾ?” ಎಂದು ಕೇಳುತ್ತಿದ್ದಳು. ಅವಳಿಗೆ ಬೇಡವೆನ್ನಲು ಯಾರಿಗಾದರೂ ಕಲ್ಲೆದೆ ಬೇಕು. ಒಂದು ಮಧ್ಯಾಹ್ನ ಪುಟ ತೆರೆದಾಗ ಆ ಕೂಸಿನ ಎದುರು ಗುರುತು ಬಿದ್ದಿತ್ತು. ಹೆಸರು ಗಿದ್ಯೋನ. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ.

ಅಯ್ಯನವರಿಗೆ ಅವನು ಫೋನು ಮಾಡಿಯೂ ಆಗಿತ್ತು. ಅವರು ಕೋಣೆಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು. “ಬಂದರಿನಾಗ ನಾವಿಕರ ದೇವಾಲಯ ಒಂದ ಐತಂತ. ಅಲ್ಲಿ ಬಾಗಲಾ ತಗಿಯೂದು, ಕಸಾ ಹೊಡಿಯೂದು, ಕಂಪ್ಯೂಟರನಾಗ ಹೆಸರ ಬರಿಯೂದು ಮಾಡತಾನ. ಅವರದೂ ಇದ ಸಾಫ್ಟ್‌ವೇರ್. ಹೊಸಾ ಕಾಲಮ್ಮು ಬಂತಂತ, ಮೌನ ಅಂತ. ಹಿಂಗ ಕೇಳಾವರು ಲೋಕದಾಗ ಒಂದ ಊರಿನವರು ಅಂತ ಹುಡುಕಿದನಂತ.” ನಾನು ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿದೆ. “ಮದಿವಿ ಆಗಿಲ್ಲಂತ” ಎಂದೂ ಸೇರಿಸಿದರು. ಅವರು ಒಳ್ಳೆಯವರು, ನನ್ನ ಮುಖ ನೋಡದೆ ಹೇಳಿದರು. “ಆರಾಮ ಅದಾನೇನ್ರಿ?” ಎಂದೆ. ಅಯ್ಯನವರು, “ಇಲ್ಲ ಟೀಚರ. ಪುಪ್ಪುಸದಾಗ ಏನೋ ಐತಂತ. ಡಾಕ್ಟರ ಕೈ ಚೆಲ್ಲ್ಯಾರಂತ. ಅದಕ್ಕ ಅಂವಗ ಅವಸರ. ಅವನ ಪಾಳಿಗೆ ಈಗ ನೀವ ಏಳ್ತೀರಿ ಅಂತ ಹೇಳಿದೆ. ‘ನಮ್ಮವ್ವಗ ಅವತ್ತ ಎದ್ದ ನಿಂತಾಗ ಬಂದ ಗತಿ ತಬಿತಾಗ ಬರಬಾರದು, ಆಕಿ ಬಾಯಿಂದನ ನನ್ನ ಸಾವು ಆಕಿಗೆ ತಿಳೀಬಾರದು’ ಅಂದ” ಎಂದರು.

“ನಾ ಕೂಸಿನ ಹಿಡಿಯಂಗಿಲ್ಲ ಅಂದ್ರ?” ಎಂದು ಕೇಳಿದೆ. “ನೀವು ಹಿಡೀಲಿಲ್ಲಂದ್ರ ದಾಟೂದಿಲ್ಲ. ಸಲೋಮಿಗೆ ನಾ ಏನ ಹೇಳಲಿ?” ಎಂದರು ಅಯ್ಯನವರು. ಆ ದಿನ ನಾನು ಪ್ರಾರ್ಥಿಸಲು ಕೂತರೂ ಕೇಳಿಸಿದ್ದು ಕೂಸಿನ ಗೂರಲು. ಅವನು ನನಗೆ ಒಳ್ಳೆಯದನ್ನೇ ಬಯಸಿದ್ದ. ಅವನ ದಯೆ ಒಪ್ಪಿಕೊಂಡರೆ ಮುಂದಿನ ಭಾನುವಾರ ನಾನು ಯಾವ ಮೌನಕ್ಕೆ ಏಳಬೇಕು? ಅವನು ಇರುವ ದಿನಗಳು ಇನ್ನು ಕೆಲವೇ. ಆ ಕೆಲವನ್ನಾದರೂ ನಾನು ಒಂದೊಂದಾಗಿ ತಿಳಿಯಬೇಡವೇ?

ಭಾನುವಾರ ಸಲೋಮಿ ಬಿಳಿ ಲಂಗದ ಕೂಸನ್ನು ನನ್ನ ಕೈಗೆ ಕೊಟ್ಟಳು. ಅಯ್ಯನವರು ಫೋನಿನ ದನಿ ಸಭೆಗೆಲ್ಲ ಕೇಳುವಂತೆ ಇಟ್ಟು ನನ್ನ ಮುಂದೆ ಹಿಡಿದರು. ಮೊದಲು ಕೆಮ್ಮು ಬಂತು. ಆಮೇಲೆ, “ತಬಿತಾ, ಅದೀಯೇನು?” ಗಿರಣಿಯ ಮುಂದೆ ಕೇಳಿದ ದನಿಯಲ್ಲ, ತೆಳ್ಳಗಾಗಿತ್ತು. ಆದರೂ ಅವನದೇ. “ಅದೀನಿ” ಎಂದೆ. “ಕೂಸಿನ ಕಿವಿಗೆ ಹಚ್ಚು. ನಾ ಭಾಳ ಹೊತ್ತ ಮಾತಾಡಾಕ ಆಗಂಗಿಲ್ಲ.”

ನಾನು ಫೋನು ತೆಗೆದುಕೊಳ್ಳಲಿಲ್ಲ. ಕೂಸನ್ನು ಭುಜಕ್ಕೆ ಎತ್ತಿ ಅದರ ಕಿವಿಯ ಹತ್ತಿರ ಬಾಗಿದೆ. ಹಾಲಿನ ವಾಸನೆ, ಬೇವಿನೆಣ್ಣೆಯ ವಾಸನೆ. ‘ಬಂದವನು ನೀನೋ ನೆರಳೋ ಎಂದು ಕೇಳೆನು’ ಎಂದು ನನ್ನ ನುಡಿಯನ್ನೇ ಕೊನೆಯವರೆಗೆ ಹೇಳಿದೆ, ನಿಧಾನವಾಗಿ, ಅಜ್ಜ ತೊಟ್ಟಿಲು ತೂಗಿದ ಧಾಟಿಯಲ್ಲಿ. ಮತ್ತೊಮ್ಮೆ ಹೇಳಲು ನೋಡಿದೆ. ಬರೀ ಉಸಿರು. ನುಡಿ ಕೂಸಿನದಾಗಿತ್ತು. ಸಲೋಮಿ ಅಳುತ್ತ ನನ್ನ ಕಾಲಿಗೆ ಬಗ್ಗಿದಳು. ಅವಳನ್ನು ತಡೆದು ಕೂಸನ್ನು ಅವಳ ಕೈಗಿತ್ತೆ. ಅಯ್ಯನವರು ನೀರು ಮುಟ್ಟಿಸಿ ಹೆಸರಿಟ್ಟರು. ಫಿಲೆಮೋನಪ್ಪನವರು, “ಅಲ್ಲರಿ, ಟೀಚರ ಇನ್ನ ಯಾವ ಪಾಳಿಗೆ ಏಳಬೇಕು?” ಎಂದು ಪಕ್ಕದವರನ್ನು ಕೇಳಿದರು.

ಫೋನು ಇನ್ನೂ ಅಯ್ಯನವರ ಕೈಯಲ್ಲಿತ್ತು. ಆ ಕಡೆ ಅವನಿಗೆ ಎಲ್ಲ ಕೇಳಿಸಿತ್ತು. “ಏನ ಮಾಡಿದಿ ನೀ? ನಿಂದ ಕೊಟ್ಟಿ?” “ಹೂಂ.” “ನಾ ಕೊಡ್ತೀನಿ ಅಂದಿದ್ನಲ್ಲ ಹುಚ್ಚಿ.” “ನೀ ಕೊಟ್ಟರ ನೀ ಅದೀ ಅಂತ ನನಗ ಹೆಂಗ ಗೊತ್ತಾಗಬೇಕು?” ಅವನು ಬಹಳ ಹೊತ್ತು ಕೆಮ್ಮಿದ. ಯಾರೋ ಅವನಿಗೆ ನೀರು ಕೊಟ್ಟ ಸದ್ದು ಕೇಳಿಸಿತು. ಸಭೆ ಒಬ್ಬರ ನುಡಿಯ ಹೊತ್ತು ಕಾಯುವಂತೆಯೇ ಕಾಯಿತು.

“ಹಂಗಾರ ನಂದ ನೀ ತಗೋ” ಎಂದ ಗಿದ್ಯೋನ. ದನಿ ಈಗ ಮೆತ್ತಗಾಗಿತ್ತು, ಬರೀ ನನಗೇ ಹೇಳುವಂತೆ. “ನಿನಗ ಈಗ ನುಡಿ ಇಲ್ಲ. ಸಣ್ಣಾಕಿ ಇದ್ದಾಗಿಂದ ನನ್ನ ಜೋಡಿ ತುಟಿ ಆಡಿಸ್ತಿದ್ದಿ, ನನಗ ಗೊತ್ತಿತ್ತು. ನೋಡಿದ್ರೂ ನೋಡಲಾರದಂಗ ಕೂಡ್ತಿದ್ದೆ. ಫೋನ ಕಿವಿಗೆ ಹಚ್ಚಿಕೋ, ನಾ ಹೇಳ್ತೀನಿ. ಇನ್ನ ಮ್ಯಾಲ ಅದು ನಿನ್ನ ಬಾಯಾಗ ಇರಲಿ. ಬ್ಯಾರೆ ಏನೂ ನಾ ಕೇಳಂಗಿಲ್ಲ, ತಬಿತಾ. ಇದೊಂದ.”

ಅಯ್ಯನವರು ಫೋನನ್ನು ನನ್ನ ಕಿವಿಯ ಹತ್ತಿರ ತಂದರು. ಅವನು ಉಸಿರು ಎಳೆದುಕೊಳ್ಳುವುದು ಕೇಳಿಸಿತು, ನುಡಿ ಶುರುಮಾಡುವ ಮೊದಲು ಅವನು ಸದಾ ಎಳೆದುಕೊಳ್ಳುತ್ತಿದ್ದ ಹಾಗೆ. ನಾನು ಅವರ ಕೈಯನ್ನು ಹಿಡಿದು ದೂರ ಸರಿಸಿದೆ.

“ಮುಂದಿನ ಭಾನುವಾರ ನಿನ್ನ ಪಾಳಿಗೆ ನಾ ಏಳಬೇಕು. ಒಲ್ಲೆ” ಎಂದೆ.